ನಾಲ್ಕು ಸಹಿ, ಒಂದೇ ಕೈ

ಸೋಮವಾರ ಉದ್ಘಾಟನೆ. ಶನಿವಾರ ಮಧ್ಯಾಹ್ನ ಉಜ್ಮಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕುಷ್ಟಗಿಯ ದಾಳಿಂಬೆ ಬೆಳೆಗಾರರ ಸಂಘಕ್ಕೆ ಬ್ಲಾಕ್‌ಚೈನ್ ಕಟ್ಟಿಕೊಟ್ಟವಳು ಅವಳು. ಯಾವ ತೋಟಕ್ಕೆ ಯಾವತ್ತು ಔಷಧಿ ಹೊಡೆದರು ಎಂಬ ದಾಖಲೆ ಏಳು ಊರಿನ ಏಳು ಕಂಪ್ಯೂಟರುಗಳಲ್ಲಿರುತ್ತದೆ. ನಾಲ್ಕು ಊರು ಸಹಿ ಹಾಕಿದರೆ ಅದು ಖಾಯಂ, ಆಮೇಲೆ ತಿದ್ದಲಾಗದು. ಸಹಿಗೆ ಊರಿಗೊಂದು ಪೆನ್‌ಡ್ರೈವ್, ಅದು ಆ ಊರಿನವರ ಕೈಯಲ್ಲೇ ಇರಬೇಕು.

ಲ್ಯಾಪ್‌ಟಾಪಿನೊಳಗೆ ಏಳೂ ಊರುಗಳ ನಕಲು ಮಾಡಿಕೊಂಡು, ವಾರದಿಂದ ತಾನೇ ಕಳ್ಳಿಯಾಗಿ ದಾಳಿ ನಡೆಸಿದ್ದಳು. ಕರೆಂಟು ತೆಗೆದಳು, ಮೂರು ಊರುಗಳಿಂದ ಒಟ್ಟಿಗೆ ಸುಳ್ಳು ಹೇಳಿಸಿದಳು. ಸುಳ್ಳು ಒಳಗೆ ನುಸುಳಲಿಲ್ಲ.

ಆದರೆ ಬೆಳಿಗ್ಗೆ, ಏಳರಲ್ಲೊಂದಾದ ಯಲಬುರ್ಗಾ ಕೇಂದ್ರದಲ್ಲಿ, ಅದನ್ನು ನೋಡಿಕೊಳ್ಳುವ ಗಾಳೇಶನ ಮೇಜಿನ ಮೇಲೆ ನಾಲ್ಕು ಪೆನ್‌ಡ್ರೈವ್ ಕಂಡಿದ್ದವು.

"ಬ್ಯಾರೆ ಮೂರೂರವ್ರು, ನಮಗ ತಿಳಿಯಂಗಿಲ್ಲ, ನೀನ ನೋಡ್ಕೋ ಅಂತ ಕೊಟ್ಟಾರವಾ," ಎಂದು ಅವನು ನಕ್ಕಿದ್ದ. ಸಂಘದಲ್ಲಿ ಅವಳಿಗೆ ಕೆಲಸ ಕೊಡಿಸಿದವನೂ ಅವನೇ.

ವಾಪಸ್ ಬಂದವಳೇ ನಕಲಿನಲ್ಲಿ ನಾಲ್ಕು ಊರನ್ನು ಒಬ್ಬನ ಕೈಗೆ ಕೊಟ್ಟು ನೋಡಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸುಳ್ಳು ತಾರೀಖು ಖಾಯಂ ಆಯಿತು. ಮತ್ತೆ ಮಾಡಿದಳು. ಮತ್ತೂ ಅದೇ.

ಲ್ಯಾಪ್‌ಟಾಪ್ ಹಿಡಿದು ಸಂಘದ ಅಧ್ಯಕ್ಷೆ ಶೇಖರಮ್ಮನ ತೋಟಕ್ಕೆ ಓಡಿದಳು.

"ಗಾಳೇಶ ಅಂಥಾಂವಲ್ಲ," ಎಂದಳು ಶೇಖರಮ್ಮ.

"ನಾನೂ ಹಂಗ ಅನ್ನೂದಿಲ್ರಿ ಅಕ್ಕಾರ. ಆದ್ರ ಅಣ್ಣನ ಚೀಲ ಬಸ್ಸಿನ್ಯಾಗ ಕಳದ್ರ?"

ಶೇಖರಮ್ಮ ಗಾಳೇಶನನ್ನೇ ಕರೆಸಿದಳು.

ಅವನು ಪರದೆಯನ್ನು ಎರಡು ಸಲ ನೋಡಿದ. "ನನ್ನ ಮ್ಯಾಲ ಸಂಶಯ ಏನವಾ?"

"ಇಲ್ಲಣ್ಣಾ." ಉಜ್ಮಾ ಪರೀಕ್ಷೆಯನ್ನು ಮೊದಲಿಂದ ಮತ್ತೆ ನಡೆಸಿ ತೋರಿಸಿದಳು.

ಅವನು ಗಾಡಿ ಹತ್ತಿದ. ಉದ್ಘಾಟನೆ ವಾರ ಮುಂದೆ ಹೋಯಿತು. ಗುರುವಾರದೊಳಗೆ ಅವನು ಮೂರೂ ಊರಿಗೆ ಹೋಗಿ, ಪೆನ್‌ಡ್ರೈವ್ ಒಪ್ಪಿಸಿ, ಪಕ್ಕದಲ್ಲಿ ಕೂತು ಸಹಿ ಹಾಕುವುದನ್ನು ಕಲಿಸಿ ಬಂದ.

ಶುಕ್ರವಾರ ಅವನೆದುರಿಗೇ ಪರೀಕ್ಷೆ ನಡೆಯಿತು. ಏನೂ ಅಲುಗಲಿಲ್ಲ.

"ಈಗರ ಸಮಾಧಾನ ಆತೇನ್ರಿ ಮೇಡಂ?"

ಆ 'ಮೇಡಂ' ಉಜ್ಮಾಳಿಗೆ ಚುಚ್ಚಿತು. ಸಮಾಧಾನವೂ ಆಗಿರಲಿಲ್ಲ. ಏಳೂ ಕಂಪ್ಯೂಟರುಗಳ ಪ್ರೋಗ್ರಾಮು ಬದಲಿಸಬಲ್ಲ ಪಾಸ್‌ವರ್ಡ್ ಒಂದಿತ್ತು, ಅವಳದೇ. ಅದನ್ನು ಒಮ್ಮೆಯೂ ಪರೀಕ್ಷೆಗೆ ಹಚ್ಚಿರಲಿಲ್ಲ. ನಕಲಿನಲ್ಲಿ ಕಳ್ಳಿಯ ಜಾಗದಲ್ಲಿ ತನ್ನ ಹೆಸರು ಬರೆದು, ಆ ಪಾಸ್‌ವರ್ಡ್ ಹಾಕಿ ಗುಂಡಿ ಒತ್ತಿದಳು. ಏಳೂ ಊರು ಒಟ್ಟಿಗೆ ಸುಳ್ಳು ತಾರೀಖನ್ನು ಒಪ್ಪಿಕೊಂಡವು.

ಪರದೆಯನ್ನು ಗಾಳೇಶನ ಕಡೆ ತಿರುಗಿಸಿದಳು. "ಇದನ್ನೂ ನೋಡಣ್ಣಾ."

ಅವನು ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ, ಉದ್ಘಾಟನೆ ಇನ್ನೊಮ್ಮೆ ಮುಂದೂಡಬೇಕೆಂದು ಶೇಖರಮ್ಮನಿಗೆ ಫೋನು ಹಚ್ಚಿದವನು ಅವನೇ.