ಸನ್ಮಾನದ ಹಣ್ಣಿನ ಬುಟ್ಟಿ

ಶುಕ್ರವಾರ ಬೆಳಿಗ್ಗೆ ದೋಹಾದ ಅಲ್ ಮುಂತಜಾ ಬಡಾವಣೆಯ ಬಾಡಿಗೆ ಸಭಾಂಗಣದಲ್ಲಿ ಕನ್ನಡ ಬಳಗದ ಉಚಿತ ಆರೋಗ್ಯ ಶಿಬಿರ. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಮೊದಲೇ ಹೇಳಿಯಾಗಿತ್ತು. ಲುಸೈಲ್ ನಗರದಲ್ಲಿ ಕಟ್ಟಡ ಕಟ್ಟುವ ಕೂಲಿಯವರು ಬಸ್ಸಿಳಿದು ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಸೂಜಿ, ಹತ್ತಿ ಎಲ್ಲ ಸಿದ್ಧವಾಗಿತ್ತು. ಬರಬೇಕಾದವರು ಮುಖ್ಯ ಅತಿಥಿಗಳು ಮಾತ್ರ.

ಅವರು ಬರುವ ತನಕ ದೀಪ ಬೆಳಗುವಂತಿಲ್ಲ, ದೀಪ ಬೆಳಗುವ ತನಕ ಸೂಜಿ ಮುಟ್ಟುವಂತಿಲ್ಲ. ಡಾಕ್ಟರ್ ರುಕಿಯಾಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಪುತ್ತೂರಿನಿಂದ ಬಂದು ದೋಹಾದಲ್ಲೇ ತಲೆ ನರೆತ ಆಕೆ, ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಕೂಲಿಯವರಿಗಾಗಿಯೇ ಹಟ ಹಿಡಿದು ಈ ಶಿಬಿರ ಶುರುಮಾಡಿಸಿದ್ದರು. ಆ ಸೇವೆಗೆಂದು ಇಂದು ಅವರಿಗೇ ಸನ್ಮಾನ. ವೇದಿಕೆಯ ಮೇಲೆ ಶಾಲು, ಪ್ಲಾಸ್ಟಿಕ್ ಸುತ್ತಿದ ದೊಡ್ಡ ಹಣ್ಣಿನ ಬುಟ್ಟಿ, ಮೈಸೂರು ಪೇಟ. ಆಕೆಯ ತಲೆವಸ್ತ್ರದ ಮೇಲೆ ಪೇಟ ಹೇಗೆ ಕೂರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಮೊದಲು ರಕ್ತ ತೆಗೆದು ಇವರಿಗೆಲ್ಲ ತಿಂಡಿ ಕೊಟ್ಟುಬಿಡೋಣವೆಂದು ಆಕೆ ಆಗಿನಿಂದ ಕೇಳುತ್ತಲೇ ಇದ್ದರು. ಬಳಗದ ಅಧ್ಯಕ್ಷ ವೆಂಕಟರಾಮು ಕೆಟ್ಟವರೇನಲ್ಲ.

"ತಿಂಡಿ ಮುಗಿದ ಮೇಲೆ ಯಾರು ಕೂರ್ತಾರೆ ಮೇಡಂ? ಖಾಲಿ ಕುರ್ಚಿ ನೋಡಿದ್ರೆ ಅತಿಥಿಗಳು ಮುಂದಿನ ಸಲ ಔಷಧಿ ಕೊಡಿಸ್ತಾರಾ?" ಎಂದರು. ಮಾತಿನಲ್ಲಿ ಸುಳ್ಳಿರಲಿಲ್ಲ. ರುಕಿಯಾಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ.

ಕೊನೆಗೂ ಅತಿಥಿಗಳು ಬಂದರು. ದೀಪ, ಪ್ರಾರ್ಥನೆ, ಸ್ವಾಗತ ಎಲ್ಲವೂ ನಿಧಾನವಾಗಿ ನಡೆದವು. ಆಮೇಲೆ ಕಿರಿಯ ವೈದ್ಯೆ ಅಮೂಲ್ಯಾ ರೇಷ್ಮೆ ಸೀರೆಯುಟ್ಟು ಮೈಕಿನಲ್ಲಿ ಗುರುವಿನ ಸಾಧನೆ ಓದತೊಡಗಿದಳು. ಅವಳು ರುಕಿಯಾ ಕೈಯಲ್ಲೇ ಪಳಗಿದವಳು. ರೋಗಿಯನ್ನು ಮುಟ್ಟುವ ಮೊದಲು ಊಟ, ಮಾತ್ರೆ ವಿಚಾರಿಸು ಎಂದು ದಿನಾ ಗದರಿಸಿಕೊಂಡವಳು. ಮೈಕು ಹಿಡಿಸಿ ಇವಳನ್ನೂ ಕೆಡಿಸಿದರಲ್ಲ ಎಂದು ರುಕಿಯಾ ಹಲ್ಲು ಕಡಿದರು.

ವೆಂಕಟರಾಮು ಹೊದಿಸಲು ಶಾಲು ಬಿಡಿಸುವಷ್ಟರಲ್ಲಿ ಹಿಂದಿನ ಸಾಲಿನ ಒಬ್ಬನ ಮೇಲೆ ವೇದಿಕೆಯಲ್ಲಿದ್ದ ರುಕಿಯಾ ಕಣ್ಣು ಬಿತ್ತು. ಏಸಿಯ ಚಳಿಯಲ್ಲೂ ಅವನ ಮುಖದಿಂದ ಬೆವರು ಇಳಿಯುತ್ತಿತ್ತು. ಆಕೆ ಶಾಲಿನಿಂದ ನುಣುಚಿಕೊಂಡು, ಅತಿಥಿಗಳ ಮುಂದಿದ್ದ ಜ್ಯೂಸ್ ಲೋಟ ಎತ್ತಿಕೊಂಡು ಓಡಿದರು.

ಅವನು ಹಾಸನದ ಕಡೆಯ ಭೈರಪ್ಪ, ಗಾರೆ ಕೆಲಸದವನು. ಲೋಟ ಹಿಡಿಯಲಾರದಷ್ಟು ಕೈ ನಡುಗುತ್ತಿತ್ತು. ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಮಾತು ಬಂತು.

"ಶುಗರ್ ಮಾತ್ರೆ ನುಂಗ್ಬುಟ್ಟು ಬಂದೆ ಮೇಡಂ. ಏನೂ ತಿನ್ಬ್ಯಾಡಿ ಅಂದಿದ್ರಲ್ಲ."

ಖಾಲಿ ಹೊಟ್ಟೆಗೆ ಆ ಮಾತ್ರೆ ಬಿದ್ದು ರಕ್ತದ ಸಕ್ಕರೆ ತೀರಾ ಇಳಿದಿತ್ತು. ಮಾತ್ರೆಯನ್ನೂ ಬಿಟ್ಟು ಬನ್ನಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಾತ್ರೆಯ ಮಾತು ಸಾಲಿನಿಂದ ಸಾಲಿಗೆ ದಾಟಿ ವೇದಿಕೆ ಮುಟ್ಟಿದ್ದೇ ಸಾಧನೆಯ ಓದು ಅರ್ಧಕ್ಕೆ ನಿಂತಿತು. "ಇನ್ಯಾರು ಮಾತ್ರೆ ತಗೊಂಡು ಬಂದಿದ್ದೀರಿ? ಕೈ ಎತ್ತಿ" ಎಂದು ಅಮೂಲ್ಯಾ ಮೈಕಿನಲ್ಲಿ ಕೇಳಿದಳು. ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದಿತು. ಅವಳು ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. ಬೆಳಗಿನಿಂದ ಉರಿಯುತ್ತಿದ್ದ ರುಕಿಯಾಗೆ ಆಗ ಸ್ವಲ್ಪ ಎದೆ ತಣ್ಣಗಾಯಿತು.

"ಇನ್ನೆಂತ ನೋಡ್ತೀರಿ ಮಾರಾಯ್ರೆ?" ಎಂದು ಅಧ್ಯಕ್ಷರನ್ನು ಕೇಳಿದರು.

ವೆಂಕಟರಾಮು ಶಾಲನ್ನು ಕುರ್ಚಿಯ ಮೇಲೆ ಹಾಕಿದರು. ಬುಟ್ಟಿಯ ಪ್ಲಾಸ್ಟಿಕ್ ಹರಿದು, ಬಾಳೆಹಣ್ಣು ಸುಲಿಯುತ್ತಲೇ ಕೈ ಎತ್ತಿದವರತ್ತ ಸಾಲುಗಳ ನಡುವೆ ಬಂದರು. ಫೋಟೊದವನು ಹಿಂದೆಯೇ ಬಂದು, ಸನ್ಮಾನದ ಫೋಟೊ ಇನ್ನೂ ಆಗಿಲ್ಲವೆಂದು ನೆನಪಿಸಿದ.

ವೆಂಕಟರಾಮು ಬುಟ್ಟಿಯನ್ನು ಅವನ ಕೈಗೆ ದಾಟಿಸಿದರು.

"ಕ್ಯಾಮೆರಾ ಕೆಳಗಿಡಪ್ಪ. ಹಿಂದಿನ ಸಾಲಿಗೆ ಇನ್ನೂ ಹಣ್ಣು ಹೋಗಿಲ್ಲ."