ತೊಗರ್ಸಿಯ ಮೈಕು, ಉಚ್ಚಂಗಪ್ಪನ ಹೆಸರು

ಒಬ್ಬನನ್ನು ಕಳ್ಳ ಎಂದು ಕರೆಯುವುದಕ್ಕೆ ಒಂದು ಉಸಿರು ಸಾಕು. ಅಲ್ಲ ಎಂದು ತೋರಿಸಿಕೊಳ್ಳುವ ಹೊತ್ತಿಗೆ ಅವನ ಉಸಿರೇ ಹೋಗಿರುತ್ತದೆ. ಐವತ್ತೆಂಟರ ಬೇಸಗೆಯಲ್ಲಿ, ಶಿಕಾರಿಪುರದ ಸಂತೆಯ ದಿನ, ತೊಗರ್ಸಿಯ ಸಾಹುಕಾರ ವೀರಬಸಪ್ಪ ಆ ಒಂದು ಉಸಿರನ್ನು ಎದೆ ತುಂಬ ಎಳೆದುಕೊಂಡು ಉಚ್ಚಂಗಪ್ಪನ ಅಂಗಡಿಯ ಮುಂದೆ ಬಿಟ್ಟ.

"ಕಳ್ಳ! ನನ್ನ ಮೈಕಿನ ಒಳಗಿನ ಸಾಮಾನು ಕದ್ದಾನೆ, ಕಳ್ಳ!"

ಸಂತೆಯ ಜನಕ್ಕೆ ಬದನೆಕಾಯಿಗಿಂತ ಇದು ಹೆಚ್ಚು ರುಚಿಯ ಮಾತು. ಬುಟ್ಟಿ ಇಳಿಸಿದವರು, ಚೀಲ ಹೊತ್ತವರು, ಸೊರಬದ ಬಸ್ಸಿಗೆ ಕಾದು ನಿಂತವರು, ಎಲ್ಲ ಬಂದು ಅಂಗಡಿಯನ್ನು ಸುತ್ತಿಕೊಂಡರು. ಉಚ್ಚಂಗಪ್ಪ ಒಂದು ರೇಡಿಯೋದ ಹೊಟ್ಟೆ ಬಿಚ್ಚಿಕೊಂಡು ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿಯನ್ನು ಇದ್ದಿಲ ಮೇಲೆ ಇಟ್ಟು ಎದ್ದು ನಿಂತ. ದಾವಣಗೆರೆಯ ಟಾಕೀಸಿನಲ್ಲಿ ಎಂಟು ವರ್ಷ ಯಂತ್ರ ನೋಡಿಕೊಂಡು, ಕೆಲಸ ಕಲಿತು, ಊರಿಗೆ ಬಂದು ಈ ಅಂಗಡಿ ಇಟ್ಟವನು ಅವನು. ರೇಡಿಯೋ, ಗ್ರಾಮಾಫೋನು, ಮೈಕ್ ಸೆಟ್ಟು, ಕೆಟ್ಟದ್ದು ಯಾವುದಾದರೂ ಅವನ ಹತ್ತಿರವೇ ಬರಬೇಕು. ಜನ ತಮಗೆ ಅರ್ಥವಾಗದ ಸಾಮಾನನ್ನು ಅವನ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಹೋಗುತ್ತಿದ್ದರು. ಒಳಗೆ ಏನಿದೆ, ಏನಿಲ್ಲ ಎಂದು ಅವರಿಗೆ ತಿಳಿಯದು, ತಿಳಿದವನು ಅವನೊಬ್ಬನೇ. ಅಂಥ ಕಸುಬಿನಲ್ಲಿ ಕಳ್ಳ ಎಂಬ ಮಾತು ಬಿದ್ದರೆ ಬಾಗಿಲು ಹಾಕಿಕೊಂಡು ಹೋಗುವುದೇ.

"ಏನ್ರಿ ಸಾವ್ಕಾರ್ರೆ, ನಿನ್ನೆ ಮೊನ್ನೆವರೆಗೂ ಉಚ್ಚಂಗಪ್ಪಾರೆ ಅಂತಿದ್ರಿ. ಇವತ್ತು ಏನಾತು?"

"ನಿನಗೆಂಥ ಮರ್ಯಾದಿ? ಸೊರಬದಾಗೆ ಬಿಚ್ಚಿ ತೋರ್ಸೀನಿ. ಒಳಗೆ ಇರ್ಬೇಕಾದ ಬಿಲ್ಲೇನೇ ಇಲ್ಲ, ಯಾರೋ ಎತ್ಯಾರೆ ಅಂದ ಅಲ್ಲಿಯವ. ನಿನ್ನ ಬಿಟ್ಟು ಇನ್ಯಾರು ಬಿಚ್ಚಿದ್ರೋ ಅದನ್ನ?"

ನಡೆದದ್ದು ಇಷ್ಟು. ವೀರಬಸಪ್ಪ ಮದುವೆ ಮುಂಜಿಗೆ ಬಾಡಿಗೆಗೆ ಕೊಡಲೆಂದು ಬ್ಯಾಟರಿಯ ಮೇಲೆ ನಡೆಯುವ ಹೊಸ ಮೈಕ್ ಸೆಟ್ಟು ತರಿಸಿದ್ದ. ಮೊದಲ ಬಾಡಿಗೆ ಜಡೆಯ ಒಂದು ಮದುವೆಗೆ. ಅಲ್ಲಿ ಹಾರ್ನನ್ನು ಮಾವಿನ ಮರಕ್ಕೆ ಕಟ್ಟಿ, ಬೀಗರೆಲ್ಲ ಬಾಯಿ ತೆರೆದುಕೊಂಡು ನೋಡುತ್ತಿರುವಾಗ, ಮೈಕು ತುಟಿ ಪಿಟಕ್ಕೆನ್ನಲಿಲ್ಲ. ಸಾಹುಕಾರನ ಮುಖ ಸಣ್ಣದಾಯಿತು. ಮರುದಿನ ಸೆಟ್ಟು ಉಚ್ಚಂಗಪ್ಪನ ಅಂಗಡಿಗೆ ಬಂತು. ಅವನು ಬ್ಯಾಟರಿ ನೋಡಿದ, ಸರಿ ಇತ್ತು. ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಮೈಕಿನ ತಂತಿ ಸಿಕ್ಕಿಸುವ ತೂತಿಗೆ ಬೆರಳು ಮುಟ್ಟಿಸಿದರೆ ಹಾರ್ನು ಗುರ್ರೆಂದಿತು. ಅಂದರೆ ದನಿ ಹಿಗ್ಗಿಸುವ ಪೆಟ್ಟಿಗೆಯೂ ಹಾರ್ನೂ ಚೆನ್ನಾಗಿವೆ. ತಂತಿಯೂ ಎಲ್ಲಿಯೂ ತುಂಡಾಗಿರಲಿಲ್ಲ. ಉಳಿದದ್ದು ಮೈಕು. ಅದರ ತಲೆ ಬಿಚ್ಚಿದರೆ ಒಳಗೆ ಬಿಲ್ಲೆಯ ಜಾಗದಲ್ಲಿ ಎರಡು ತೆಳು ತಗಡಿನ ಪಟ್ಟಿ, ಒಂದಿಷ್ಟು ಅಂಟು ನೀರು. ಆ ಬಿಲ್ಲೆ ಒಂದು ಜಾತಿಯ ಉಪ್ಪು. ನಾವು ಆಡಿದ ಮಾತಿನ ಪೆಟ್ಟಿಗೆ ಅದು ಅದುರಿ ವಿದ್ಯುತ್ತು ಹುಟ್ಟಿಸುತ್ತದೆ. ಕಾವು ತಗಲಿದರೆ ಕರಗಿ ನೀರಾಗುತ್ತದೆ. "ಇದಕ್ಕೆ ಯಾರೋ ಬಿಸಿ ತಾಗ್ಸ್ಯಾರೆ, ಹೊಸದು ಬೊಂಬಾಯಿಂದ ತರಿಸ್ಬೇಕು" ಎಂದು ನಿಜವನ್ನೇ ಹೇಳಿ, ಬಿಚ್ಚಿ ನೋಡಿದ ಕೂಲಿಯೂ ಕೇಳದೆ ಮರಳಿ ಕೊಟ್ಟಿದ್ದ. ಆ ಒಳ್ಳೆಯತನಕ್ಕೆ ಸಿಕ್ಕ ಉಡುಗೊರೆ ಇದು.

"ಉಪ್ಪಂತೆ! ಕರಗ್ತಂತೆ!" ವೀರಬಸಪ್ಪ ಜನದ ಕಡೆ ತಿರುಗಿದ. "ಮೈಕಿನಾಗೆ ಉಪ್ಪಿದ್ರೆ ಉಪ್ಪಿನಕಾಯಿ ಹಾಕ್ಬೌದಿತ್ತಲ್ರಪ್ಪಾ!"

ಜನ ನಕ್ಕರು. ಅದು ಉಚ್ಚಂಗಪ್ಪನ ಎದೆಗೆ ಚುಚ್ಚಿತು. ಮೊನ್ನೆ ಮೊನ್ನೆ ಇದೇ ಜನರ ರೇಡಿಯೋಗಳಿಗೆ ಜೀವ ಕೊಟ್ಟವನು ಅವನು. ಗುಂಪಿನಿಂದ ಹುಚ್ಚರಾಯಪ್ಪ ಎಂಬ ಹಳೆಯ ಗಿರಾಕಿ ಮುಂದೆ ಬಂದು, ಮುಖ ನೋಡದೆ, "ನನ್ನ ರೇಡಿಯೋ ಹೆಂಗೈತೋ ಹಂಗೇ ಕೊಟ್ಬಿಡ್ರಿ, ರಿಪೇರಿ ಏನ್ ಬ್ಯಾಡ" ಎಂದ. ಉಚ್ಚಂಗಪ್ಪ ಕಪಾಟಿನಿಂದ ಅದನ್ನು ತೆಗೆದು ಕೊಟ್ಟ. ಇನ್ನು ಅರ್ಧ ಗಂಟೆಗೆ ಸೊರಬದ ಬಸ್ಸು ಹೊರಡುತ್ತದೆ. ಅದರ ಜೊತೆಗೆ ಈ ಮಾತೂ ಟಿಕೆಟ್ಟಿಲ್ಲದೆ ಹೊರಟು, ಕತ್ತಲಾಗುವುದರೊಳಗೆ ಕುಪ್ಪಗಡ್ಡೆ, ಜಡೆ ಎಲ್ಲ ಕಡೆ ಇಳಿಯುತ್ತದೆ. ಆಮೇಲೆ ಬೆನ್ನಟ್ಟಿ ಹಿಡಿಯುವುದಕ್ಕೆ ಯಾರಿಂದಲೂ ಆಗದು.

"ಸಾವ್ಕಾರ್ರೆ, ಒಂದೇ ಮಾತು ಕೇಳ್ತೀನಿ. ಜಡೆಗೆ ಹೊರಡೋ ಮುಂಚೆ ಮನಿಯಾಗೆ ಆ ಮೈಕಿಗೆ ಏನು ಮಾಡಿದ್ರಿ?"

"ಏನೂ ಮಾಡಿಲ್ಲ. ಪೆಟ್ಟಿಗೀಲಿಂದ ತೆಗ್ದೆ, ಮಾತಾಡಿ ನೋಡ್ದೆ, ಗುಡುಗಿದಂಗೆ ಮಾತಾಡ್ತು. ಪೂಜೆ ಆತು, ಗಾಡಿಗೆ ಹಾಕಿದ್ವಿ."

"ಪೂಜೆ ಹೆಂಗ್ ಮಾಡಿದ್ರಿ?"

ಉತ್ತರ ಹಿಂದಿನಿಂದ ಬಂತು. ವೀರಬಸಪ್ಪನ ಹೆಂಡತಿ ಬಸವಣ್ಣೆಮ್ಮ ತಮ್ಮ ಎತ್ತಿನ ಗಾಡಿಯಿಂದ ಇಳಿದು ಬಂದಿದ್ದಳು. ತೊಗರ್ಸಿಯ ಆ ಮನೆಗೆ ಹೊಸ ಸಾಮಾನು ಯಾವುದು ಬಂದರೂ, ಹೊಲಿಗೆ ಯಂತ್ರವಿರಲಿ ಲಾಟೀನಿರಲಿ, ಅವಳ ಆರತಿಯಾಗದೆ ಯಾರೂ ಮುಟ್ಟುವಂತಿರಲಿಲ್ಲ.

"ಎಲ್ಲಾರ್ ಮನಿಯಾಗೂ ಮಾಡೋ ಹಂಗೇರೀ. ವಿಭೂತಿ ಹಚ್ಚಿ, ಹೂ ಏರಿಸಿ, ಕರ್ಪೂರ ಬೆಳಗಿದ್ವಿ."

"ಕರ್ಪೂರ ಎಲ್ಲಿ ಹಿಡಿದ್ರಿ ಅಮ್ಮಾ?"

"ಮುಖಕ್ಕೆ. ಆರತಿನ ಮತ್ತೆಲ್ಲಿಗೆ ಹಿಡೀತಾರೆ? ಆ ದೊಡ್ಡ ಪೆಟ್ಟಿಗೆಗೆ ಮುಖ ಯಾವುದು ಬೆನ್ನು ಯಾವುದು ಗೊತ್ತಾಗ್ಲಿಲ್ಲ. ಮಾತಾಡೋದು ಈ ಮೈಕಲ್ವಾ, ಇದೇ ಮುಖ ಅಂದ್ಕೊಂಡೆ. ಮೂರು ಜನ ಸೊಸೆದೀರು, ನಾನು, ಒಬ್ರಾದ ಮ್ಯಾಲೆ ಒಬ್ರು ಬೆಳಗಿದ್ವಿ. ನಮ್ಮನಿ ಪದ್ಧತಿ, ಹಚ್ಚಿದ ಕರ್ಪೂರ ತಾನಾಗೇ ಆರೋ ತನಕ ಮುಖದ ಮುಂದಿಂದ ತಟ್ಟೆ ತೆಗಿಯಂಗಿಲ್ಲ."

"ಹತ್ರಾನಾ?"

"ಕೆಳಗೇ ಹಿಡಿದಿದ್ವಿ. ಗಾಳಿ ಇತ್ತು, ಆರಬಾರ್ದು ಅಂತ."

ಬಿಲ್ಲೆ ಕರಗಿದ್ದು ಹೇಗೆಂದು ಉಚ್ಚಂಗಪ್ಪ ಇನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಸಾಹುಕಾರನ ಕಿವಿಗೆ ಅದು ಬೇರೆಯೇ ಆಗಿ ಕೇಳಿತು.

"ಓಹೋ! ಈಗ ದೇವರ ಕರ್ಪೂರದ ಮ್ಯಾಲೆ ಹಾಕ್ತೀಯಾ? ಕಳ್ಳತನ ಮಾಡಿದ್ದು ಸಾಲ್ದು ಅಂತ ನಮ್ಮನಿ ಹೆಣ್ಮಕ್ಕಳ ಪೂಜೇನ ಆಡ್ಕೋತಿಯೇನು? ಪೂಜೆಯಿಂದ ಯಾವ ಸಾಮಾನು ಕೆಟ್ಟೈತೋ ಲೋಕದಾಗೆ?"

ಗುಂಪಿನಲ್ಲಿ ಹೌದೆಂದು ತಲೆಗಳು ಅಲ್ಲಾಡಿದವು. ಅನ್ಯಾಯ ಎಂದರೆ ಇದೇ. ತಪ್ಪು ಎದುರಿಗೇ ಬಿದ್ದಿದೆ, ಮಾಡಿದವಳೇ ಬಾಯಿಬಿಟ್ಟು ಹೇಳಿದ್ದಾಳೆ, ಆದರೂ ಗಾಡಿ ಕಟ್ಟಿಕೊಂಡು ಬಂದವನ ಮಾತು ನಿಜ, ನೆಲದ ಮೇಲೆ ಕೂತು ದುಡಿಯುವವನದು ಸುಳ್ಳು. ಉಚ್ಚಂಗಪ್ಪನಿಗೆ ಕಣ್ಣು ಉರಿದು ಬಂತು. ಒಳಗೆ ಹೋದ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತನ್ನ ಸ್ವಂತ ಮೈಕನ್ನು ತಂದ. ಅದೂ ಅದೇ ಜಾತಿಯದು, ನಾಲ್ಕು ತಿಂಗಳು ಕಾದು ತರಿಸಿಕೊಂಡದ್ದು. ಮದುವೆಯ ದಿನಗಳಲ್ಲಿ ಅವನ ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ಬರುವ ಸೋಮವಾರ ಕುಪ್ಪಗಡ್ಡೆಗೆ ಒಪ್ಪಿಕೊಂಡೂ ಆಗಿತ್ತು.

ತನ್ನ ಪೆಟ್ಟಿಗೆಗೆ ಸಿಕ್ಕಿಸಿ, ಹಾರ್ನನ್ನು ಬಾಗಿಲ ಮೇಲಕ್ಕೆ ನೇತುಹಾಕಿ, ಮೈಕನ್ನು ಬಾಯಿಯ ಹತ್ತಿರ ತಂದ. ಅವನ ಉಸಿರೇ ಸಂತೆಯ ಆ ತುದಿಗೆ ಕೇಳಿಸಿತು.

"ಅಮ್ಮಾ, ಇದಕ್ಕೂ ಬೆಳಗ್ರಿ. ಅವತ್ತು ಹೆಂಗೆ ಬೆಳಗಿದ್ರೋ ಹಂಗೇ."

ಬಸವಣ್ಣೆಮ್ಮ ಹಿಂದೆ ಸರಿದಳು. ಅವಳಿಗೆ ಅರ್ಥವಾಗಿತ್ತು. "ಬ್ಯಾಡ್ರಿ ಉಚ್ಚಂಗಪ್ಪಾರೆ. ನಿಮ್ಮ ಅನ್ನದ ಸಾಮಾನದು."

"ಕಳ್ಳನ್ನ ಯಾರೂ ಮದಿವಿಗೆ ಕರ್ಯಲ್ಲಮ್ಮಾ. ಇದನ್ನಿಟ್ಕಂಡು ನಾನೇನ್ ಮಾಡ್ಲಿ? ಬೆಳಗ್ರಿ."

ಪಕ್ಕದ ಅಂಗಡಿಯಿಂದ ತಟ್ಟೆ ಬಂತು, ಕರ್ಪೂರ ಬಂತು. ಅವಳು ಹಚ್ಚಿ, ತುಟಿ ಕಚ್ಚಿಕೊಂಡು, ಮೈಕಿನ ಕೆಳಗೆ ಹಿಡಿದಳು. ಜ್ವಾಲೆ ಉಚ್ಚಂಗಪ್ಪನ ಗದ್ದಕ್ಕೂ ತಾಗುವಂತಿತ್ತು. ಅವನು ಮುಖ ತಿರುಗಿಸಲಿಲ್ಲ.

"ನಾನು ಉಚ್ಚಂಗಪ್ಪ. ನಾನು ಕಳ್ಳ ಅಲ್ಲ."

ಹಾರ್ನು ಅದನ್ನು ಬಸ್ಸಿನವರೆಗೂ ಒಯ್ದಿತು. ಎತ್ತುಗಳು ಕಿವಿ ನಿಮಿರಿಸಿದವು. ಅವನು ಮತ್ತೆ ಹೇಳಿದ, ಮತ್ತೆ ಹೇಳಿದ, ಒಂದೇ ಮಾತು, ಒಂದೇ ಎತ್ತರದಲ್ಲಿ. ಒಂದು ಬಿಲ್ಲೆ ಕರ್ಪೂರ ಮುಗಿಯಿತು, ಬಸವಣ್ಣೆಮ್ಮ ಇನ್ನೊಂದು ಇಟ್ಟಳು. ಮೂರನೆಯದು ಅರ್ಧ ಉರಿಯುವ ಹೊತ್ತಿಗೆ ಹಾರ್ನಿನ ದನಿ ಸಣ್ಣಗಾಗತೊಡಗಿತು. ಮೊದಲು ಮೂಗಿನಲ್ಲಿ ಮಾತಾಡಿದಂತೆ, ಆಮೇಲೆ ಗೋಡೆಯಾಚೆ ಯಾರೋ ಪಿಸುಗುಟ್ಟಿದಂತೆ. ಕೊನೆಗೆ ಹಾರ್ನು ಸುಮ್ಮನಾಯಿತು. ಉಚ್ಚಂಗಪ್ಪನ ಬರಿಯ ಗಂಟಲು ಮಾತ್ರ, ಬಿರಿದುಹೋದ ಗಂಟಲು, ಕಳ್ಳ ಅಲ್ಲ ಎನ್ನುತ್ತಿತ್ತು.

ಅವನು ಪೆಟ್ಟಿಗೆಯ ತೂತಿಗೆ ಬೆರಳು ಮುಟ್ಟಿಸಿದ. ಹಾರ್ನು ಗುರ್ರೆಂದಿತು. ಪೆಟ್ಟಿಗೆ ಬದುಕಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಆಮೇಲೆ ಬಟ್ಟೆಯಲ್ಲಿ ಹಿಡಿದು ಮೈಕಿನ ತಲೆ ಬಿಚ್ಚಿ, ವೀರಬಸಪ್ಪನ ಮೂಗಿನ ಕೆಳಗೆ ಹಿಡಿದ. ಎರಡು ತೆಳು ಪಟ್ಟಿ, ಒಂದಿಷ್ಟು ಅಂಟು ನೀರು.

"ಬಿಲ್ಲೆ ಎಲ್ಲೈತೆ ಹುಡುಕ್ರಿ ಸಾವ್ಕಾರ್ರೆ. ಇದನ್ನೂ ನಾನೇ ಕದ್ದೀನೇನು? ನಿಮ್ಮೆಲ್ಲರ ಕಣ್ಣ ಮುಂದೆ, ನನ್ನದನ್ನ ನಾನೇ?"

ಯಾರೂ ನಗಲಿಲ್ಲ. ಬಸವಣ್ಣೆಮ್ಮ ತಟ್ಟೆಯನ್ನು ನೆಲದ ಮೇಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸ್ಸಿನ ಡ್ರೈವರು ಸ್ಟಿಯರಿಂಗ್ ಹಿಡಿದು ಕೂತಿದ್ದ, ಕಂಡಕ್ಟರು ಸೀಟಿ ಊದಲು ಮರೆತಿದ್ದ.

ವೀರಬಸಪ್ಪ ಹೆಗಲ ಮೇಲಿನ ವಲ್ಲಿಯನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡ. "ಆತು ಬಿಡ್ರಿ. ಗೊತ್ತಿಲ್ದೆ ಆಗೈತೆ. ಸೊರಬದವ ಹೇಳಿದ್ದಕ್ಕೆ ನಾನೂ ಒಂದ್ ಮಾತು ಅಂದೆ" ಎಂದು ಗಾಡಿಯ ಕಡೆ ಹೆಜ್ಜೆ ಇಟ್ಟ.

ಉಚ್ಚಂಗಪ್ಪ ಅಡ್ಡ ನಿಂತ. "ಅಂದಿದ್ದು ಒಂದ್ ಮಾತಲ್ಲ. ಇಡೀ ಸಂತೆಗೆ ಅಂದ್ರಿ. ಹಂಗೇ ಇಡೀ ಸಂತೆಗೆ ವಾಪಸ್ ತಗೊಳ್ರಿ."

ಸಾಹುಕಾರ ನೆಲ ನೋಡಿಕೊಂಡು, ಗಂಟಲಲ್ಲೇ, "ಉಚ್ಚಂಗಪ್ಪಾರು ಕಳ್ಳರಲ್ಲ" ಎಂದ.

"ಕೇಳ್ಸಲಿಲ್ಲ. ನಿಮ್ಮ ಮೈಕೂ ಹೋತು, ನನ್ನ ಮೈಕೂ ಹೋತು. ಇನ್ನು ಬಾಯೇ ಗತಿ. ಜೋರಾಗಿ ಅನ್ರಿ."

ವೀರಬಸಪ್ಪ ಹೆಂಡತಿಯ ಮುಖ ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಅವನು ಎದೆ ತುಂಬ ಉಸಿರೆಳೆದು ಕೂಗಿದ. ತರಕಾರಿ ಸಾಲಿನವರೆಗೂ ಕೇಳಿತು.

"ಇನ್ನೊಂದ್ ಸಲ" ಎಂದ ಉಚ್ಚಂಗಪ್ಪ. "ಬಸ್ಸಿನ ಒಳಗೆ ಕೂತೋರಿಗೆ ಮುಟ್ಟಿಲ್ಲ."