ಹೇಸರಗತ್ತೆ ಒದ್ದ ಜಾಗ

ನೆಗ್ಗು ಕಂಡರೆ ಟಿಂಕರ್ ಮಾಮನ ಕೈ ಸುಮ್ಮನಿರುತ್ತಿರಲಿಲ್ಲ. ಮೂವತ್ತೆರಡು ವರ್ಷ ಕಾರುಗಳ ಬಾಗಿಲು, ಬಾನೆಟ್ಟು ಬಡಿದು ನೇರ ಮಾಡಿದ ಕೈ. ನೆಂಟರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಚೊಂಬಿನ ನೆಗ್ಗು ನೋಡುವ ಜಾತಿ.

ಹಳೆಯ ಸೈನಿಕ ಸಾಗಣೆ ವಿಮಾನವೊಂದನ್ನು ಪ್ರದರ್ಶನಕ್ಕೆ ಸಿದ್ಧಮಾಡಲು ಸಂಗ್ರಹಾಲಯದವರು ಕರೆದಾಗ, ಸಂಜೆ ತರಗತಿಯಲ್ಲಿ ಓದಿ ಪಡೆದ ಸರ್ಟಿಫಿಕೇಟನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ. ಯಾರೂ ಅದನ್ನು ಕೇಳಲಿಲ್ಲ. ಕೇಳದಿದ್ದದ್ದೇ ಅವನಿಗೆ ಚಿಂತೆಯಾಯಿತು. ಬೇರೆ ಯಾರನ್ನೋ ಕರೆಯಲು ಹೋಗಿ ತನ್ನನ್ನು ಕರೆದಿರಬೇಕು. ಅದು ಅವರಿಗೆ ಗೊತ್ತಾಗುವುದರೊಳಗೆ ಒಳ್ಳೆಯ ಕೆಲಸ ಮಾಡಿ ತೋರಿಸಬೇಕೆಂದು, ಒರೆಸು ಎಂದಲ್ಲಿ ಉಜ್ಜಿದ, ಉಜ್ಜು ಎಂದಲ್ಲಿ ಹೊಳೆಯಿಸಿದ. ಮೂರನೆಯ ವಾರ, ಸರಕು ತುಂಬುವ ಜಾಗದ ಎಡಗೋಡೆಯಲ್ಲಿ ಬೋಗುಣಿಯಷ್ಟು ದೊಡ್ಡ ನೆಗ್ಗು ಕಂಡಿತು. ಯಾರೂ ಹೇಳಿರಲಿಲ್ಲ. ಮರದ ಸುತ್ತಿಗೆ ಹಿಡಿದು ಎರಡು ದಿನ ಮೆಲ್ಲಗೆ ಬಡಿದು, ತಗಡನ್ನು ಕನ್ನಡಿಯ ಹಾಗೆ ಮಾಡಿಟ್ಟ.

ಸೋಮವಾರ ಸಂಗ್ರಹಾಲಯದ ಮೇಡಂ ಬಂದು ಅದೇ ಗೋಡೆಯಲ್ಲಿ ಏನನ್ನೋ ಹುಡುಕತೊಡಗಿದರು. ಬೆಟ್ಟದ ಠಾಣೆಗೆ ಹೇಸರಗತ್ತೆಗಳನ್ನು ಸಾಗಿಸುವಾಗ ಒಂದು ಹೆದರಿ ಒದ್ದ ಗುರುತು ಅಲ್ಲೆಲ್ಲೋ ಇದೆಯಂತೆ. ಅಂದು ಅದರ ಹಗ್ಗ ಹಿಡಿದಿದ್ದ ಸೈನಿಕರೊಬ್ಬರು ಈಗ ಮುದುಕರು. ಶುಕ್ರವಾರದ ಉದ್ಘಾಟನೆಗೆ ಬರಲು ಒಪ್ಪಿದ್ದೇ ಆ ಗುರುತನ್ನು ಇನ್ನೊಮ್ಮೆ ಮುಟ್ಟಲಂತೆ. ತಾನು ಬಡಿದು ಅಳಿಸಿದ ನೆಗ್ಗೇ ಅದೆಂದು ಮಾಮನಿಗೆ ಹೊಳೆಯಿತು. ಹುಡುಕಿಕೊಡುತ್ತೇನೆ ಎಂದುಬಿಟ್ಟ, ತಾನೇ ನುಂಗಿದ್ದನ್ನು ಹುಡುಕುವವನಂತೆ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ಸೆರಗು ಬಾಯಿಗಿಟ್ಟು ನಕ್ಕಳು.

"ಇನ್ನೊಂದು ನೆಗ್ಗು ಮಾಡಿಬಿಡಿ. ಒದೆಯೋಕೆ ಕತ್ತೆ ಎಲ್ಲೂ ಹುಡುಕಬೇಕಾಗಿಲ್ವಲ್ಲ."

ತಮಾಷೆಗೆ ಅಂದದ್ದನ್ನು ಮಾಮ ಕೆಲಸವೆಂದೇ ಹಿಡಿದ. ಹಾಳು ತಗಡುಗಳ ಮೇಲೆ ಎರಡು ದಿನ ಅಭ್ಯಾಸ ಮಾಡಿದ. ಬಿದ್ದ ಒಂದೊಂದು ನೆಗ್ಗೂ ಅಂಗಡಿಯಲ್ಲಿಡುವ ಬಟ್ಟಲಿನಂತೆ ಗುಂಡಗೆ, ಅಚ್ಚುಕಟ್ಟಾಗಿ ಬಂತು. ಕೆಡಿಸಲು ಹೋದರೂ ಕೈ ಕೆಡಿಸುತ್ತಿರಲಿಲ್ಲ. ಗುರುವಾರ ವಿಮಾನದ ಗೋಡೆಯ ಮುಂದೆ ಸುತ್ತಿಗೆ ಎತ್ತಿದ. ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಇದು ಪ್ರಾಮಾಣಿಕತೆ ಎಂದುಕೊಳ್ಳುವಷ್ಟು ಧೈರ್ಯವೂ ಅವನಿಗಿರಲಿಲ್ಲ. ನೆಟ್ಟಗೆ ಒಂದು ಮೋಸ ಮಾಡಲೂ ಬಾರದವನು ಎಂದು ಬೈದುಕೊಂಡು ಮೇಡಂ ಹತ್ತಿರ ಹೋಗಿ ಹೇಳಿಬಿಟ್ಟ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಮುದುಕರಿಗೆ ನೀವೇ ಹೇಳಬೇಕು ಎಂದರು.

ಕ್ಷಮೆ ಕೇಳಲು ಹನ್ನೊಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಶುಕ್ರವಾರ ವಿಮಾನದ ಬಾಗಿಲಲ್ಲಿ ನಿಂತ. ಮೊಮ್ಮಗಳ ತೋಳು ಹಿಡಿದು ಮುದುಕರು ಹತ್ತಿ ಬಂದರು. ಹನ್ನೊಂದರಲ್ಲಿ ಒಂದೂ ನೆನಪಾಗಲಿಲ್ಲ.

"ನಾನೇ ಅಳಿಸಿಬಿಟ್ಟೆ ಯಜಮಾನ್ರೇ. ಬರೀ ನೆಗ್ಗು ಅಂದ್ಕೊಂಡೆ."

ಮುದುಕರು ಒಳಗೆ ಬಂದು ಗೋಡೆಯ ಹತ್ತಿರ ನಿಂತರು. ತಗಡಿನ ಮೇಲೆ ಅಂಗೈ ಆಡಿಸಿದರು, ಒಮ್ಮೆ, ಮತ್ತೊಮ್ಮೆ.

"ಒಂದು ಗೆರೆಯೂ ಇಲ್ವಲ್ಲಪ್ಪಾ. ಒಳ್ಳೇ ಕೆಲಸಗಾರ ನೀನು."

ಮೂವತ್ತೆರಡು ವರ್ಷ ಯಾವ ಗಿರಾಕಿಯೂ ಹೇಳದಿದ್ದ ಮಾತು. ಬಂದು ಬಂದು ಇಲ್ಲಿ ಬರಬೇಕೇ? ಎಲ್ಲಾದರೂ ಅಡಗಿಕೊಳ್ಳೋಣವೆಂದರೆ ವಿಮಾನದಲ್ಲಿ ಮೂಲೆಯೂ ಇರಲಿಲ್ಲ.

ಮುದುಕರು ಕಿಟಕಿಯ ಕೆಳಗೆ ಕೈಯಿಟ್ಟು, ಒದ್ದದ್ದು ಇಲ್ಲಿಯೇ ಎಂದರು. ಬುದ್ಧಿಯಿದ್ದವನಾಗಿದ್ದರೆ ಹೌದು ಎಂದು ತಲೆಯಾಡಿಸಿಬಿಡುತ್ತಿದ್ದ.

"ಅಲ್ಲ, ಒಂದು ಗೇಣು ಕೆಳಗೆ," ಎಂದ ಮಾಮ. "ಎಡಗಡೆ ಆಳ ಜಾಸ್ತಿ ಇತ್ತು. ಬಲಕ್ಕೆ ಬರ್ತಾ ಬರ್ತಾ ಸಣ್ಣಗಾಗ್ತಿತ್ತು."

ಮುದುಕರು ಅವನನ್ನೇ ನೋಡಿದರು.

"ಹೌದು ಕಣಪ್ಪಾ. ಕಾಲು ಓರೆಯಾಗಿ ಬಿದ್ದಿತ್ತು." ಅವನ ಕೈ ಹಿಡಿದು ಗೋಡೆಯ ಹತ್ತಿರ ತಂದರು. "ತೋರಿಸು."

ಮಾಮ ನುಣುಪು ತಗಡಿನ ಮೇಲೆ ಬೆರಳಿನಿಂದ ನೆಗ್ಗಿನ ಅಂಚನ್ನು ನಿಧಾನವಾಗಿ ಬರೆಯುತ್ತ ಹೋದ. ಮುದುಕರ ಬೆರಳು ಅದರ ಹಿಂದೆಯೇ ಬಂತು. ಹೊರಗೆ ಸಾಲು ನಿಂತವರಿಗೆ ಮೇಡಂ ಇನ್ನೂ ಸ್ವಲ್ಪ ಕಾಯಲು ಹೇಳುತ್ತಿದ್ದರು.